ಹತ್ತು ಕಿಲೋ ಉಕ್ಕಿನ ಹಲಗೆಯೊಡನೆ ಗೂಡಲೂರಿಗೆ

ಗೂಡಲೂರು ಎಂದೊಡನೆ ನಮ್ಮವರಿಗೆ ನೆನಪಾಗುವುದು ನೀಲಗಿರಿಯ ಗೂಡಲೂರು. ಗುಂಡ್ಲುಪೇಟೆಯಿಂದ ಬಂಡೀಪುರ, ಮುದುಮಲೈ ಕಾಡುಗಳನ್ನು ದಾಟಿ ಊಟಿಗೆ ಹೋಗುವವರು ಚಹಾ ಕುಡಿಯಲು ಇಳಿಯುವ ಊರು ಅದು. ನಾನು ಹೇಳಹೊರಟಿರುವುದು ಇನ್ನೊಂದು ಗೂಡಲೂರಿನ ಸಂಗತಿ. ಇದು ತಮಿಳುನಾಡಿನ ತೇನಿ ಜಿಲ್ಲೆಯಲ್ಲಿದೆ. ಕಂಬಂ ಕಣಿವೆಯ ನೆತ್ತಿಯಲ್ಲಿ, ಕೇರಳದ ಕುಮಳಿ ಘಾಟಿಯ ಬುಡದಲ್ಲಿದೆ. ಕಳೆದ ಬೇಸಗೆ ರಜೆಯಲ್ಲಿ ನಾನೂ ಒಂಬತ್ತನೆಯ ತರಗತಿ ಮುಗಿಸಿದ ನನ್ನ ಅಕ್ಕನ ಮಗನೂ ಅಲ್ಲಿಗೆ ಹೋದೆವು. ದೇವಸ್ಥಾನಕ್ಕಲ್ಲ, ಜಲಪಾತ ನೋಡಲಿಕ್ಕೂ ಅಲ್ಲ; ಆರು ಬೋಲ್ಟುಗಳಿಗಾಗಿ.

ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಕಾಸರಗೋಡಿನ ಒಳನಾಡಿನಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ ಒಂದು ಮಹೀಂದ್ರ ಎಫ್‌ಸಿ-150 ಇದೆ. ಮುಂದಕ್ಕೆ ಚಾಚಿದ ಮೂತಿಯಿಲ್ಲದ, ಎಂಜಿನ್ನಿನ ಮೇಲೆಯೇ ಚಾಲಕ ಕೂರುವ ಪುಟ್ಟ ಲಾರಿ ಅದು. ಅಮೆರಿಕದ ವಿಲ್ಲಿಸ್ ಕಂಪೆನಿ 1956ರಲ್ಲಿ ಹೊರತಂದ ಈ ಮಾದರಿಯನ್ನು ಮಹೀಂದ್ರದವರು 1965ರಿಂದ ನಮ್ಮಲ್ಲಿ ತಯಾರಿಸತೊಡಗಿದರು. ಅಜ್ಜನ ಕಾಲದಲ್ಲಿ ಅಡಿಕೆ, ಗೊಬ್ಬರ, ಮದುವೆಯ ಪಾತ್ರೆಪರಡಿಗಳೆಲ್ಲ ಅದರಲ್ಲೇ ಸಾಗುತ್ತಿದ್ದವು. ಅದರ ಮೂಲ ಎಂಜಿನ್ನು ಪೆಟ್ರೋಲಿನದು. ನಾಲ್ಕು ಸಿಲಿಂಡರು, 134 ಘನ ಅಂಗುಲ. ಈಗಿನ ಲೆಕ್ಕದಲ್ಲಿ 2,199 ಸಿಸಿ. ಬ್ಲಾಕು ಬಿರುಕುಬಿಟ್ಟ ಮೇಲೆ ಮಾವ ಅದಕ್ಕೆ ಹಳೆಯ ಪ್ಯೂಜೊ ಡೀಸೆಲ್ ಎಂಜಿನ್ನನ್ನು ಕೂರಿಸಿದರು. 1979ರಲ್ಲಿ ಮಹೀಂದ್ರ ಕಂಪೆನಿ ಫ್ರಾನ್ಸಿನ ಪ್ಯೂಜೊದಿಂದ ಪರವಾನಗಿ ಪಡೆದ ಎಕ್ಸ್‌ಡಿಪಿ 4.90 ಎಂಬ ಎಂಜಿನ್ನು ಅದು. ಹೆಸರಿನಲ್ಲಿರುವ ನಾಲ್ಕು ಎಂದರೆ ನಾಲ್ಕು ಸಿಲಿಂಡರು, ತೊಂಬತ್ತು ಎಂದರೆ ಸಿಲಿಂಡರಿನ ವ್ಯಾಸ 90 ಮಿಲಿಮೀಟರು.

ಎಂಜಿನ್ ಬದಲಿಸುವುದು ನಮ್ಮ ದೇಶಕ್ಕೆ ಹೊಸದಲ್ಲ. ಡೀಸೆಲ್ ಅಗ್ಗವಾಗಿದ್ದ ಕಾಲದಲ್ಲಿ ಡಾಡ್ಜ್, ಫಾರ್ಗೊ ಲಾರಿಗಳ ಪೆಟ್ರೋಲ್ ಎಂಜಿನ್ನನ್ನು ಕಳಚಿ ಪರ್ಕಿನ್ಸ್ ಪಿ6 ಡೀಸೆಲನ್ನು ಕೂರಿಸುವುದು ಮಾಮೂಲಿಯಾಗಿತ್ತು. ಮದರಾಸಿನ ಸಿಂಪ್ಸನ್ ಕಂಪೆನಿ ಪರ್ಕಿನ್ಸ್ ಎಂಜಿನ್ನುಗಳನ್ನು ಇಲ್ಲಿಯೇ ತಯಾರಿಸಿತು. ಜೀಪುಗಳ ಸರದಿ ಆಮೇಲೆ ಬಂದಿತು. ಎಂಜಿನ್ನು ಸಿಗುವುದು ಕಷ್ಟವಲ್ಲ. ಅದನ್ನು ಹಳೆಯ ಗೇರ್‌ಬಾಕ್ಸಿಗೆ ಜೋಡಿಸುವುದು ಕಷ್ಟ. ಎರಡರ ಮುಖಗಳು ಒಂದಕ್ಕೊಂದು ಹೊಂದುವುದಿಲ್ಲ. ನಡುವೆ ಒಂದು ಉಕ್ಕಿನ ಹಲಗೆ ಬೇಕು. ವರ್ಕ್‌ಶಾಪಿನವರು ಅದನ್ನು ಅಡಾಪ್ಟರ್ ಪ್ಲೇಟ್ ಎನ್ನುತ್ತಾರೆ. ಮಾವನಿಗೆ ಒಂದು ಲೇತ್ ಅಂಗಡಿಯವರು ಅದನ್ನು ಕಡೆದುಕೊಟ್ಟರು. ನಾಲ್ಕು ತಿಂಗಳು ಗಾಡಿ ಓಡಿತು. ಆಮೇಲೆ ಏರಿನಲ್ಲಿ ಕ್ಲಚ್ಚು ನಡುಗತೊಡಗಿತು, ಗೇರು ತಾನಾಗಿ ಕಳಚಿಕೊಳ್ಳತೊಡಗಿತು. ಒಂದು ದಿನ ಬಿಚ್ಚಿ ನೋಡಿದರೆ ಆರು ಬೋಲ್ಟುಗಳಲ್ಲಿ ಎರಡು ಸಡಿಲಗೊಂಡು ಕೆಳಗೆ ಬಿದ್ದಿದ್ದವು.

ಏಲಕ್ಕಿ ವ್ಯಾಪಾರಕ್ಕೆಂದು ವಂಡನ್ಮೇಡಿಗೆ ಹೋಗಿಬರುವ ನೆರೆಯವರೊಬ್ಬರು ಗೂಡಲೂರಿನ ಮೇಸ್ತ್ರಿಯೊಬ್ಬರ ಗುರುತು ಹೇಳಿದರು. ಮಾವ ಫೋನು ಮಾಡಿದಾಗ ಆತ ಹೇಳಿದ್ದು ಇಷ್ಟೇ: “ಬೋಲ್ಟನ್ನು ಕಿವಿಯಿಂದ ನೋಡಲಿಕ್ಕಾಗದು. ಹಲಗೆಯನ್ನೂ ಆರು ಬೋಲ್ಟನ್ನೂ ಕಳಿಸಿ.”

ಹೀಗೆ ಹನ್ನೆರಡು ಮಿಲಿಮೀಟರ್ ದಪ್ಪದ, ಹತ್ತು ಕಿಲೋ ತೂಗುವ ದುಂಡು ಹಲಗೆಯನ್ನು ಗೋಣಿಯಲ್ಲಿ ಸುತ್ತಿಕೊಂಡು ರಾತ್ರಿಯ ರೈಲು ಹತ್ತಿದೆವು. ಕೋಟ್ಟಯಂನಲ್ಲಿ ಇಳಿದು ಕುಮಳಿಯ ಬಸ್ಸು ಹಿಡಿದೆವು. ಮುಂಡಕ್ಕಯಂ ದಾಟಿದ ಮೇಲೆ ರಬ್ಬರು ತೋಟಗಳು ಮುಗಿದು, ಕುಟ್ಟಿಕ್ಕಾನದ ಏರು, ಪೀರುಮೇಡಿನ ಚಹಾ ಗುಡ್ಡಗಳು ಬಂದವು. ಪಕ್ಕದಲ್ಲಿ ಕುಳಿತ ಹೆಂಗಸೊಬ್ಬರು ಗೋಣಿಯನ್ನು ಮುಟ್ಟಿ ನೋಡಿ, ದೋಸೆಕಲ್ಲನ್ನು ಇಷ್ಟು ದೂರ ಏಕೆ ಹೊತ್ತು ತರುತ್ತಿದ್ದೀರಿ ಎಂದು ಕೇಳಿದರು. ಹುಡುಗ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದ.

ಕುಮಳಿಯಲ್ಲಿ ರಾಜ್ಯದ ಗಡಿಯನ್ನು ಕಾಲ್ನಡಿಗೆಯಲ್ಲೇ ದಾಟಬಹುದು. ಆ ಕಡೆಯಲ್ಲಿ ತಮಿಳುನಾಡಿನ ಬಸ್ಸುಗಳು ಕಾದಿರುತ್ತವೆ. ಅಲ್ಲಿಂದ ರಸ್ತೆ ಸುತ್ತಿ ಸುತ್ತಿ ಕೆಳಗಿಳಿಯುತ್ತದೆ. ಪಕ್ಕದಲ್ಲಿಯೇ ಬೆಟ್ಟದ ಮೈಮೇಲೆ ದೈತ್ಯ ಕೊಳವೆಗಳು ಇಳಿಯುತ್ತವೆ. ಪಡುವಣ ಕಡಲಿಗೆ ಹರಿಯುವ ಪೆರಿಯಾರ್ ನದಿಯ ನೀರನ್ನು ಸುರಂಗದ ಮೂಲಕ ಮೂಡಣಕ್ಕೆ ತಿರುಗಿಸಿದ ಯೋಜನೆಯಿದು. 1887ರಲ್ಲಿ ಆರಂಭವಾದ ಅಣೆಕಟ್ಟಿನ ಕೆಲಸ 1895ರಲ್ಲಿ ಮುಗಿಯಿತು. ಎಂಜಿನಿಯರ್ ಜಾನ್ ಪೆನ್ನಿಕ್ವಿಕ್‌ರ ಹೆಸರನ್ನು ಈ ಕಣಿವೆಯ ಜನ ಮಕ್ಕಳಿಗೆ ಇಡುತ್ತಾರೆ. ಲೋವರ್ ಕ್ಯಾಂಪಿನಲ್ಲಿ 2013ರಲ್ಲಿ ತೆರೆದ ಅವರ ಸ್ಮಾರಕ ಮಂಟಪವಿದೆ. ಕೊಳವೆಗಳ ನೀರು ಅಲ್ಲಿನ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸಿ ಆಮೇಲೆ ಗದ್ದೆಗೆ ಹೋಗುತ್ತದೆ. ಘಾಟಿ ಮುಗಿದು ಗೂಡಲೂರು ಬಂದಾಗ ಎರಡೂ ಬದಿಗೆ ಭತ್ತದ ಹಸುರು, ತೆಂಗು, ಚಪ್ಪರದ ಕೆಳಗೆ ನೇತಾಡುವ ಕಪ್ಪು ದ್ರಾಕ್ಷಿ. ಕಂಬಂ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ.

ಇಳಿಯುವ ದಾರಿಯಲ್ಲಿ ನಾವು ಎಣಿಸಿದ್ದು ಜೀಪುಗಳನ್ನು. ಈ ಕಣಿವೆಯ ಊರುಗಳಿಂದ ಪ್ರತಿದಿನ ನಸುಕಿನಲ್ಲೇ ಕೂಲಿಯ ಹೆಂಗಸರು ಜೀಪು ಹತ್ತಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗುತ್ತಾರೆ. ಸಂಜೆ ಅದೇ ಜೀಪಿನಲ್ಲಿ ಮರಳುತ್ತಾರೆ. ಕುಮಳಿ, ಕಂಬಂಮೇಡು, ಬೋಡಿಮೇಡು ಎಂಬ ಮೂರು ಘಾಟಿಗಳೂ ಇವರ ದಾರಿ. ಚಿತ್ರಾ ಪೌರ್ಣಮಿಯಂದು ಬೆಟ್ಟದ ಮೇಲಿನ ಮಂಗಳಾದೇವಿ ಕಣ್ಣಗಿಯ ಗುಡಿಗೆ ಭಕ್ತರನ್ನು ಕುಮಳಿಯಿಂದ ಹೊತ್ತೊಯ್ಯುವುದೂ ಜೀಪುಗಳೇ. ಈ ಘಾಟಿ ಕ್ಷಮಿಸುವ ದಾರಿಯಲ್ಲ. 2022ರ ಡಿಸೆಂಬರಿನಲ್ಲಿ ಶಬರಿಮಲೆಯಿಂದ ಮರಳುತ್ತಿದ್ದ ವಾಹನವೊಂದು ಕುಮಳಿ ಇಳಿಜಾರಿನಲ್ಲಿ ಕಂದಕಕ್ಕೆ ಬಿದ್ದು ತೇನಿ ಜಿಲ್ಲೆಯ ಎಂಟು ಮಂದಿ ತೀರಿಕೊಂಡರು. ಇಂಥ ದಾರಿಯ ಬುಡದಲ್ಲಿ ಕೆಲಸ ಮಾಡುವ ಮೇಸ್ತ್ರಿ ಬೋಲ್ಟಿನ ವಿಷಯದಲ್ಲಿ ಏಕೆ ಅಷ್ಟು ಕಟ್ಟುನಿಟ್ಟು ಎಂಬುದು ಆತನನ್ನು ಕಾಣುವ ಮೊದಲೇ ನನಗೆ ಅರ್ಥವಾಗಿತ್ತು.

ವರ್ಕ್‌ಶಾಪು ಮುಖ್ಯರಸ್ತೆಯಿಂದ ಒಳಗೆ, ಒಂದು ಹುಣಿಸೆಮರದ ಕೆಳಗಿತ್ತು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಮೂರು ಜೀಪುಗಳು. ನಾವಿಬ್ಬರೂ ಗೋಣಿ ಬಿಚ್ಚುತ್ತ ನಮ್ಮ ಪಾಡಿಗೆ ಮಾತನಾಡುತ್ತಿದ್ದೆವು. ಜೀಪಿನ ಅಡಿಯಲ್ಲಿ ಮಲಗಿ ಕೆಲಸ ಮಾಡುತ್ತಿದ್ದ ಮೇಸ್ತ್ರಿ ಅಲ್ಲಿಂದಲೇ, “ನಿಮ್ಮ ಮಾತು ನಮ್ಮ ಮನೆಯ ಮಾತು!” ಎಂದರು.

ಮಾವನೊಡನೆ ಅವರು ಮಾತನಾಡಿದ್ದು ಮಲಯಾಳ ಬೆರೆತ ತಮಿಳಿನಲ್ಲಿ. ಹಾಗಾಗಿ ನಮಗೆ ಇದು ತಿಳಿದಿರಲಿಲ್ಲ. ಕಂಬಂ ಕಣಿವೆಯಲ್ಲಿ ಕಾಪ್ಪಿಲಿಯರು, ಒಕ್ಕಲಿಗರು ಎಂದು ಕರೆಸಿಕೊಳ್ಳುವ ಕನ್ನಡ ಮನೆಮಾತಿನ ಬೇಸಾಯಗಾರರು ತಲೆತಲಾಂತರದಿಂದ ಇದ್ದಾರೆ. 1906ರಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಬರೆದ ಮದುರೆ ಜಿಲ್ಲೆಯ ಗೆಜೆಟಿಯರಿನಲ್ಲಿ ಕಂಬಂನ ಇವರ ದೇವರ ದನಗಳ ಹಿಂಡಿನ ವರ್ಣನೆಯಿದೆ. ತಮಿಳಿನಲ್ಲಿ ಅದನ್ನು ‘ತಂಬಿರಾನ್ ಮಾಡು’ ಎನ್ನುತ್ತಾರೆ; ಇವರ ಕನ್ನಡದಲ್ಲಿ ಅದು ‘ದೇವರ ಆವು’. ಆವು ಎಂಬ ಹಳೆಯ ಶಬ್ದವನ್ನು ನಾವು ಪಠ್ಯಪುಸ್ತಕದ ಪದ್ಯಗಳಲ್ಲಿ ಓದಿ ಅರ್ಥ ಬರೆಯುತ್ತೇವೆ. ಇಲ್ಲಿ ಅದು ಕೊಟ್ಟಿಗೆಯ ಮಾತಾಗಿ ಉಳಿದಿತ್ತು. ಮೇಸ್ತ್ರಿಯ ಕನ್ನಡದಲ್ಲಿ ತಮಿಳಿನ ಒಲಪು ಬಹಳ. ಆದರೂ ಒಂದು ಗಳಿಗೆಯೊಳಗೆ ನಮಗೆ ಅವರದು, ಅವರಿಗೆ ನಮ್ಮದು ತಿಳಿಯತೊಡಗಿತು. ಅವರ ಮಾತನ್ನು ನಾನಿಲ್ಲಿ ನಮ್ಮ ರೂಢಿಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರು ಹಲಗೆಯನ್ನು ಬೆಂಚಿನ ಮೇಲಿಟ್ಟು ಬೋಲ್ಟೊಂದನ್ನು ಅದರ ತೂತಿಗೆ ಕೈಯಿಂದಲೇ ತಿರುಗಿಸಿದರು. ಮೂರು ನಾಲ್ಕು ಸುತ್ತು ಸಲೀಸಾಗಿ ಹೋಯಿತು. ಆಮೇಲೆ ಬಿಗಿಯಾಯಿತು. ಬೋಲ್ಟನ್ನು ಅಲ್ಲಾಡಿಸಿ ತೋರಿಸಿದರು. ಬಿಗಿಯಾಗಿದ್ದರೂ ತಲೆ ತುಸು ಅಲುಗುತ್ತಿತ್ತು.

“ನಿನಗೆ ಲೆಕ್ಕ ಬರುತ್ತದೆಯೇ, ತಮ್ಮಾ?” ಎಂದು ಹುಡುಗನನ್ನು ಕೇಳಿದರು.

“ಬರುತ್ತದೆ, ಮಾಮ.”

ಅವರು ಒಂದು ಪಿಚ್ ಗೇಜನ್ನು ಅವನ ಕೈಗಿತ್ತರು. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ತೆಳು ಅಲಗುಗಳು, ಒಂದೊಂದರ ಅಂಚಿನಲ್ಲೂ ಗರಗಸದಂಥ ಹಲ್ಲುಗಳು. ಯಾವ ಅಲಗಿನ ಹಲ್ಲು ಬೋಲ್ಟಿನ ಸುರುಳಿಗೆರೆಗಳಲ್ಲಿ ಬೆಳಕು ನುಸುಳದಂತೆ ಕೂರುತ್ತದೋ ಅದೇ ಅದರ ಅಳತೆ. ಈ ಗೆರೆಗೆ ತಮಿಳಿನಲ್ಲಿ ಮರೈ ಎನ್ನುತ್ತಾರೆ; ನಮ್ಮ ಊರಿನ ಕೆಲಸಗಾರರು ಮಲಯಾಳದಂತೆ ಪಿರಿ ಎನ್ನುತ್ತಾರೆ. ಬೋಲ್ಟಿನಲ್ಲಿ ಅಂಗುಲಕ್ಕೆ ಹದಿನಾರು ಪಿರಿ ಎಂದು ಹುಡುಗ ಓದಿದ. ದಪ್ಪ ಎಂಟನೆಯ ಮೂರು ಅಂಗುಲ, ಅಂದರೆ 9.525 ಮಿಲಿಮೀಟರು. ಅಂಗುಲವೆಂದರೆ 25.4 ಮಿಲಿಮೀಟರು, ಅದನ್ನು ಹದಿನಾರರಿಂದ ಭಾಗಿಸಿದರೆ ಪಿರಿಯಿಂದ ಪಿರಿಗೆ 1.5875. ಹಲಗೆಯ ತೂತಿನದು ಹತ್ತು ಮಿಲಿಮೀಟರಿನ ದಪ್ಪ, 1.5 ಮಿಲಿಮೀಟರಿನ ಪಿರಿ. ಲೇತಿನವರು ಮಿಲಿಮೀಟರ್ ಟ್ಯಾಪು ಹಾಕಿ ತೂತು ಕೊರೆದಿದ್ದರು. ಹಳೆಯ ಜೀಪಿನಿಂದ ಬಿಚ್ಚಿದ ಅಂಗುಲದ ಬೋಲ್ಟುಗಳನ್ನೇ ಅದಕ್ಕೆ ತಿರುಗಿಸಿದ್ದರು.

“ದಪ್ಪದಲ್ಲಿ ಅರ್ಧ ಮಿಲಿಮೀಟರೂ ವ್ಯತ್ಯಾಸವಿಲ್ಲ. ಪಿರಿಯಲ್ಲಿ ಕೂದಲಿನಷ್ಟು. ಪೂರಾ ಬೇರೆಯಾಗಿದ್ದರೆ ಒಳಗೆ ಹೋಗುತ್ತಲೇ ಇರಲಿಲ್ಲ, ಯಾರೂ ಮೋಸಹೋಗುತ್ತಿರಲಿಲ್ಲ,” ಎಂದರು ಮೇಸ್ತ್ರಿ. “ಸುತ್ತಿ ಸುತ್ತಿ ಹೋದಂತೆ ಈ ಕೂದಲಿನ ವ್ಯತ್ಯಾಸ ಸೇರುತ್ತ ಹೋಗುತ್ತದೆ. ಆಮೇಲೆ ನಿಲ್ಲುತ್ತದೆ. ಕೈಗೆ ಬಿಗಿಯೆನ್ನಿಸುತ್ತದೆ. ಅದು ಬಿಗಿಯಲ್ಲ, ಸಿಕ್ಕು.”

ಬಿಗಿ ಬೇರೆ, ಸಿಕ್ಕು ಬೇರೆ. ಇಷ್ಟು ವರ್ಷ ವಾಹನ ಓಡಿಸಿದ ನನಗೆ ಈ ಭೇದವನ್ನು ಯಾರೂ ಹೇಳಿರಲಿಲ್ಲ. ಸರಿಯಾದ ಬೋಲ್ಟಿನಲ್ಲಿ ಎಲ್ಲ ಪಿರಿಗಳೂ ಭಾರವನ್ನು ಹಂಚಿಕೊಳ್ಳುತ್ತವೆ. ತಪ್ಪು ಬೋಲ್ಟಿನಲ್ಲಿ ಒಂದೆರಡು ಪಿರಿಗಳ ಮೇಲೆಯೇ ಎಲ್ಲ ಭಾರವೂ ಬೀಳುತ್ತದೆ. ಪೆಟ್ರೋಲ್ ಎಂಜಿನ್ನಿನ ಒತ್ತಳದ ಪ್ರಮಾಣ ಏಳರ ಆಸುಪಾಸು. ಈ ಡೀಸೆಲಿನದು ಇಪ್ಪತ್ತಕ್ಕೂ ಮೇಲೆ. ಅದರ ಅದುರಾಟಕ್ಕೆ ಆ ಒಂದೆರಡು ಪಿರಿಗಳು ಸವೆದುಹೋಗಿದ್ದವು.

ಈ ಗೊಂದಲದ ಹಿಂದೆ ದೊಡ್ಡ ಚರಿತ್ರೆಯಿದೆ. ಬೋಲ್ಟುಗಳಿಗೆ ಮೊದಲ ಸರ್ವಮಾನ್ಯ ಅಳತೆಯನ್ನು ಸೂಚಿಸಿದವನು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್, 1841ರಲ್ಲಿ. ಅವನ ಪಿರಿಯ ಕೋನ 55 ಡಿಗ್ರಿ. ಅಮೆರಿಕದವರು 60 ಡಿಗ್ರಿಯನ್ನು ಹಿಡಿದರು. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಯಂತ್ರಗಳಿಗೆ ಒಬ್ಬರ ಬೋಲ್ಟು ಇನ್ನೊಬ್ಬರಿಗೆ ಹೊಂದದೆ ತೊಂದರೆಯಾಯಿತು. 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾಗಳು ಕೂಡಿ ಏಕೀಕೃತ ಅಂಗುಲದ ಪಿರಿಯನ್ನು ಒಪ್ಪಿಕೊಂಡವು. ಯುರೋಪು ಮಿಲಿಮೀಟರನ್ನು ಹಿಡಿದಿತ್ತು. ನಮ್ಮ ದೇಶ 1956ರ ಕಾನೂನಿನ ಮೂಲಕ ಮೆಟ್ರಿಕ್ ಪದ್ಧತಿಗೆ ಬಂದಿತು. ಆದರೆ ರಸ್ತೆಯ ಮೇಲೆ ಅಮೆರಿಕದ ಜೀಪು, ಇಂಗ್ಲೆಂಡಿನ ಲಾರಿ, ಫ್ರಾನ್ಸಿನ ಎಂಜಿನ್ನು ಒಟ್ಟಿಗೇ ಓಡುತ್ತಿದ್ದವು. ಮಹೀಂದ್ರದ ಎಂಡಿಐ ಎಂಜಿನ್ನಿನ ಸಿಲಿಂಡರ್ ವ್ಯಾಸ 88.9 ಮಿಲಿಮೀಟರು. ಇಂಥ ವಿಚಿತ್ರ ಸಂಖ್ಯೆ ಏಕೆಂದು ಮೇಸ್ತ್ರಿ ಕೇಳಿದಾಗ ಹುಡುಗ ಗುಣಿಸಿ ನೋಡಿ, “ಮೂರೂವರೆ ಅಂಗುಲ!” ಎಂದ. ಟ್ರ್ಯಾಕ್ಟರಿನ ವಂಶದ ಆ ಎಂಜಿನ್ನು ತನ್ನ ಹುಟ್ಟೂರಿನ ಅಳತೆಯನ್ನು ಇನ್ನೂ ಬಿಟ್ಟಿಲ್ಲ.

ಇನ್ನೊಂದು ತಪ್ಪನ್ನೂ ಮೇಸ್ತ್ರಿ ಕಂಡುಹಿಡಿದರು. ಬೋಲ್ಟುಗಳ ಕತ್ತಿನಲ್ಲಿ ಒಂದು ಬದಿ ಮಾತ್ರ ಉಜ್ಜಿ ಹೊಳೆಯುತ್ತಿತ್ತು. ಹಲಗೆಯಲ್ಲಿ ಡೊವೆಲ್ ಪಿನ್ನುಗಳಿಗೆ ತೂತೇ ಇರಲಿಲ್ಲ. ಗೇರ್‌ಬಾಕ್ಸನ್ನು ಎಂಜಿನ್ನಿನ ನಡುಗೆರೆಗೆ ಸರಿಯಾಗಿ ನಿಲ್ಲಿಸುವುದು ಈ ಎರಡು ಪಿನ್ನುಗಳ ಕೆಲಸ. ನಿಂತದ್ದನ್ನು ಹಿಡಿದಿಡುವುದು ಮಾತ್ರ ಬೋಲ್ಟಿನ ಕೆಲಸ. ಇಲ್ಲಿ ಎರಡೂ ಕೆಲಸ ಬೋಲ್ಟಿನ ತಲೆಗೆ ಬಿದ್ದಿತ್ತು. ಗೇರ್‌ಬಾಕ್ಸು ಪ್ರತಿ ಏರಿನಲ್ಲೂ ಕಾಣದಷ್ಟು ಜಾರುತ್ತಿತ್ತು. ಕ್ಲಚ್ಚು ನಡುಗಿದ್ದು ಇದರಿಂದಲೇ.

ಪರಿಹಾರವನ್ನು ಅವರು ಹುಡುಗನಿಂದಲೇ ಬರೆಸಿದರು. ಸವೆದ ತೂತುಗಳನ್ನು ದೊಡ್ಡದು ಮಾಡಿ ಹನ್ನೆರಡು ಮಿಲಿಮೀಟರಿನ ಬೋಲ್ಟು ಹಾಕಬಹುದಿತ್ತು. ಆದರೆ ಹಳೆಯ ಬೆಲ್ ಹೌಸಿಂಗಿನ ಕಿವಿಗಳು ಸಣ್ಣವು, ಅಷ್ಟು ಕೊರೆದರೆ ಒಡೆದಾವು. ಆದ್ದರಿಂದ ಹಲಗೆಯ ತೂತುಗಳಲ್ಲಿ ಉಕ್ಕಿನ ತಂತಿಯ ಸುರುಳಿಗಳನ್ನು ಕೂರಿಸಿ ಹತ್ತು ಮಿಲಿಮೀಟರಿನ ಹೊಸ ಪಿರಿಯನ್ನು ಅಲ್ಲಿಯೇ ಮಾಡಿಕೊಟ್ಟರು. ಇದಕ್ಕೆ ಹೆಲಿಕಾಯ್ಲ್ ಎಂದು ಹೆಸರು. ಬೋಲ್ಟಿನ ತಲೆಯ ಮೇಲೆ 8.8 ಎಂಬ ಅಚ್ಚು ಇರಲೇಬೇಕು. ಮೊದಲ ಎಂಟು ಎಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ನಿನ ಎಳೆತವನ್ನು ತಡೆಯುವ ಶಕ್ತಿ. ಎರಡನೆಯ ಎಂಟು ಎಂದರೆ ಅದರ ಹತ್ತರಲ್ಲಿ ಎಂಟು ಪಾಲಿನವರೆಗೆ, ಅಂದರೆ 640ರವರೆಗೆ, ಹಿಗ್ಗಿದರೂ ಮೊದಲಿನ ಉದ್ದಕ್ಕೆ ಮರಳುವ ಗುಣ. ಗೇಟಿಗೆ, ಪಂಪುಸೆಟ್ಟಿಗೆ ಹಾಕುವ ಸಾದಾ 4.6 ಬೋಲ್ಟಿನ ಶಕ್ತಿ ಇದರ ಅರ್ಧ. ಆರೂ ಬೋಲ್ಟು ಒಂದೇ ತಯಾರಕರದಾಗಿರಬೇಕು. ಊರಿಗೆ ಹೋದ ಮೇಲೆ ಎಂಜಿನ್ನಿನ ಫ್ಲೈವೀಲಿಗೆ ಡಯಲ್ ಗೇಜು ಕಟ್ಟಿ ನಿಧಾನವಾಗಿ ತಿರುಗಿಸಬೇಕು. ಮುಳ್ಳಿನ ಓಡಾಟ ಅಂಗುಲದ ಸಾವಿರದಲ್ಲಿ ಐದು ಪಾಲನ್ನು ಮೀರಬಾರದು. ಆ ಸ್ಥಿತಿಯಲ್ಲಿ ಎರಡನ್ನೂ ಕೂಡಿಸಿ ಕೊರೆದು ಡೊವೆಲ್ ಹೊಡೆಯಬೇಕು. ಅನಂತರವೇ ಬೋಲ್ಟು, ಅದೂ ಎದುರುಬದುರಾಗಿ, ಟಾರ್ಕ್ ಸ್ಪಾನರಿನಲ್ಲಿ ಸುಮಾರು 45 ನ್ಯೂಟನ್ ಮೀಟರಿನಷ್ಟು.

“ನಿಮ್ಮ ಲಾರಿ ಅಡಿಕೆ ಹೊರುತ್ತದೆ. ಇಲ್ಲಿ ಬಿಟ್ಟುಕೊಟ್ಟ ಪ್ರತಿ ಜೀಪಿನಲ್ಲೂ ಹತ್ತು ಹನ್ನೆರಡು ಹೆಂಗಸರು ಹತ್ತುತ್ತಾರೆ. ನಮ್ಮ ಮನೆಯವಳೂ ಹತ್ತುತ್ತಾಳೆ,” ಎಂದು ಮೇಸ್ತ್ರಿ ಕೈ ಒರೆಸಿಕೊಂಡರು.

ಅವರು ಸುರುಳಿ ಕೂರಿಸುತ್ತಿದ್ದಾಗ ಅವರ ತಾಯಿ ನಮಗೆ ಮಜ್ಜಿಗೆ ತಂದರು. ಹುಡುಗ ನೆಲದ ಮೇಲೆ ಕುಳಿತು ಬರೆಯುತ್ತಿದ್ದುದನ್ನು ನೋಡುತ್ತ ನಿಂತರು. ಇದು ಯಾವ ಬರಹ ಎಂದು ಕೇಳಿದರು. ಕನ್ನಡ ಎಂದೆವು. ಆ ಮುದುಕಿಗೆ ನಂಬಿಕೆಯಾಗಲಿಲ್ಲ. ಅವರ ಬಾಯಲ್ಲಿ ದಿನವೂ ಆಡುವ ಮಾತಿಗೆ ಅಕ್ಷರವುಂಟು ಎಂದು ಕೇಳಿದ್ದರು, ಕಂಡಿರಲಿಲ್ಲ. “ಈ ಮಾತಿನಲ್ಲೇ ಲೆಕ್ಕವನ್ನೂ ಕಲಿಸುತ್ತಾರೆಯೇ, ಮಗಾ?” ಎಂದು ಮತ್ತೆ ಕೇಳಿದರು. ಗಣಿತ, ವಿಜ್ಞಾನ ಎಲ್ಲವನ್ನೂ ಎಂದು ಹುಡುಗ ಹೇಳಿದ. ತನ್ನ ಶಾಲೆ ಕನ್ನಡ ಮಾಧ್ಯಮದ್ದು ಎಂಬುದನ್ನು ರೈಲಿನಲ್ಲಿ ಜೊತೆಯಾದ ಹುಡುಗರಿಗೆ ಹೇಳಲು ಅವನು ಹಿಂದಿನ ರಾತ್ರಿಯಷ್ಟೇ ಅಳುಕಿದ್ದ. ಅದನ್ನು ನಾನು ನೋಡಿದ್ದೆ. ಆಕೆ ತನ್ನ ಹೆಸರನ್ನು ಬರೆಸಿಕೊಂಡರು. ಕಾಗದವನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಶಾಲೆಯಿಲ್ಲದೆ, ಪುಸ್ತಕವಿಲ್ಲದೆ ಇಷ್ಟು ತಲೆಮಾರು ಈ ಮಾತನ್ನು ಮನೆಯೊಳಗೇ ಕಾಪಾಡಿದವರು ಅವರು. ಶಾಲೆ, ಪುಸ್ತಕ, ಪತ್ರಿಕೆ ಎಲ್ಲವೂ ಕೈಗೆಟುಕುವ ನಾವು ಅಳುಕುತ್ತೇವೆ.

ಮುನ್ನೂರು ರೂಪಾಯಿ ಕೂಲಿ ಕೊಟ್ಟು ಹೊರಟೆವು. ಗೂಡಲೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಹತ್ತು ಮಿಲಿಮೀಟರಿನ ಬೋಲ್ಟು ರಾಶಿ ಇತ್ತು. ತಲೆಯ ಮೇಲೆ ಅಚ್ಚು ಇರಲಿಲ್ಲ. ಕಂಬಂನಲ್ಲಿ 8.8ರ ಅಚ್ಚಿನವು ಸಿಕ್ಕವು. ಒಂದೇ ಉದ್ದದವು ನಾಲ್ಕು ಮಾತ್ರ. ಉದ್ದದ ಲೆಕ್ಕವೂ ಸಣ್ಣದಲ್ಲ. ಗಿಡ್ಡವಾದರೆ ಪಿರಿಗೆ ಹಿಡಿತ ಸಾಲದು. ಉದ್ದವಾದರೆ ಆಚೆಗೆ ಚಾಚಿ ಎಂಜಿನ್ನಿನ ಮೈಗೆ ತಾಗಿ, ಬಿಗಿಯಾದಂತೆ ತೋರಿ, ಏನನ್ನೂ ಹಿಡಿದಿರುವುದಿಲ್ಲ. ತೇನಿಯಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಯ ಮೀಟರ್‌ಗೇಜ್ ರೈಲುದಾರಿಯನ್ನು ಕಿತ್ತು ಬ್ರಾಡ್‌ಗೇಜ್ ಮಾಡಲು ಹತ್ತು ವರ್ಷಕ್ಕೂ ಮೇಲಾಯಿತು. ತೇನಿಗೆ 2022ರಲ್ಲಿ, ಬೋಡಿಗೆ 2023ರಲ್ಲಿ ಮತ್ತೆ ರೈಲು ಬಂದಿತು. ಅಳತೆ ಬದಲಾದರೆ ಊರಿಗೆ ಊರೇ ಕಾಯಬೇಕಾಗುತ್ತದೆ.

ಪೆರಿಯಕುಳಂ, ವತ್ತಲಗುಂಡು ದಾಟಿ ಸಂಜೆ ದಿಂಡಿಗಲ್ ಸೇರಿದೆವು. ಕೈಯಿಂದ ಮಾಡಿದ ಬೀಗಗಳಿಗೆ ಹೆಸರಾದ ಊರದು. ಆ ಬೀಗಕ್ಕೂ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಒಂದು ಬೀಗಕ್ಕೆ ಒಂದೇ ಕೀಲಿ ಎಂಬ ನಿಯಮವನ್ನು ಹೊಟ್ಟೆಪಾಡಾಗಿಸಿಕೊಂಡ ಊರಿನಲ್ಲಿ ಅಳತೆಯ ಮಾತನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಅಂಗಡಿಯವರು ಹುಡುಗನ ಚೀಟಿಯ ಅಂಕಿಗಳನ್ನು ಓದಿ, ಆರು ಬೋಲ್ಟು, ಆರು ಸ್ಪ್ರಿಂಗ್ ವಾಷರು, ಹತ್ತು ಮಿಲಿಮೀಟರಿನ ಎರಡು ಡೊವೆಲ್ ಪಿನ್ನುಗಳನ್ನು ಒಂದೊಂದಾಗಿ ಎಣಿಸಿಕೊಟ್ಟರು. ಎಲ್ಲ ಸೇರಿ ನಮ್ಮ ಬಸ್ಸಿನ ಖರ್ಚಿಗಿಂತ ಕಡಿಮೆ. ಪಳನಿ, ಪೊಳ್ಳಾಚಿ, ಪಾಲಕ್ಕಾಡಿನ ದಾರಿಯಾಗಿ ಮನೆಗೆ ಮರಳಿದೆವು.

ಮಾವನ ಅಂಗಳದಲ್ಲಿ ಎರಡು ದಿನ ಕೆಲಸ ನಡೆಯಿತು. ಮೊದಲ ಸಲ ಮುಳ್ಳು ಇಪ್ಪತ್ತೆರಡು ಪಾಲು ಓಡಿತು. ತಟ್ಟಿ, ಸರಿಸಿ, ಮತ್ತೆ ತಿರುಗಿಸಿ, ಕತ್ತಲಾಗುವ ಹೊತ್ತಿಗೆ ನಾಲ್ಕಕ್ಕೆ ತಂದರು. ಮರುದಿನ ಡೊವೆಲ್ ಹೊಡೆದರು, ಬೋಲ್ಟು ಬಿಗಿದರು. ಸಾವಿರ ಕಿಲೋಮೀಟರ್ ಓಡಿದ ಮೇಲೆ ಬಿಚ್ಚಿ ನೋಡಿದಾಗ ಆರೂ ಇದ್ದಂತೆಯೇ ಇದ್ದವು. ಎಂಜಿನ್ ಬದಲಿಸಿದವರು ಅದರ ಸಂಖ್ಯೆಯನ್ನು ಸಾರಿಗೆ ಕಚೇರಿಯ ಅನುಮತಿಯೊಡನೆ ನೋಂದಣಿ ಪುಸ್ತಕದಲ್ಲಿ ಬರೆಸಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಮಾವ ಅದನ್ನೂ ಮುಗಿಸಿದ್ದಾರೆ.

ಹಳೆಯ ಆರು ಬೋಲ್ಟುಗಳನ್ನು ಗುಜರಿಗೆ ಹಾಕಲು ಹೊರಟಾಗ ಹುಡುಗ ತಡೆದ. ಮೇಸ್ತ್ರಿಯ ಬೆಂಚಿನಲ್ಲಿ ಕಂಡಂತೆ ಮೂರು ಡಬ್ಬಿಗಳನ್ನು ತಂದು ಕನ್ನಡದಲ್ಲಿ ಚೀಟಿ ಅಂಟಿಸಿದ: ಅಂಗುಲ, ದಪ್ಪ ಪಿರಿ, ಅಂಗುಲ, ಸಣ್ಣ ಪಿರಿ, ಮಿಲಿಮೀಟರ್. ಸವೆಯದ ನಾಲ್ಕನ್ನು ಎಣ್ಣೆ ಒರೆಸಿ ಮೊದಲನೆಯ ಡಬ್ಬಿಗೆ ಹಾಕಿದ. ಅವು ಕೆಟ್ಟ ಬೋಲ್ಟುಗಳಲ್ಲ. ಅವುಗಳ ಜಾಗ ಬೇರೆ, ಅಷ್ಟೆ.